ಕುಡಿದ ದಿನದ ಗುಳಿಗೆ

ಸತ್ತ ಗಂಡನ ಟೀಬಿ ಗುಳಿಗೆ ವಾಪಸ್ ಕೊಡಲು ಗಂಗಿ ಆಸ್ಪತ್ರೆಯ ಕಿಟಕಿಗೆ ಬಂದಿದ್ದಳು. ಅವಳ ಹಿಂದಿನ ಪಾಳಿ ಹಮ್ಮನದು; ಅವನೂ ಅದೇ ಗುಳಿಗೆ ಒಯ್ಯಲು ಬಂದವನು. ಬೇಡವೆಂದರೂ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಇಷ್ಟೊಂದು ಹೆಂಗೆ ಉಳೀತೇ?” ಸಿಸ್ಟರ್ ಕೇಳಿದರು.

“ಕುಡಿದ ದಿನ ತಿಂತಿರ್ಲಿಲ್ರಾ. ಗುಳಿಗೆ ತಿಂದು ಸರಾಯಿ ಮುಟ್ಟಬೇಡ ಅಂದಿದ್ರಲ್ರಾ ನೀವು.”

“ಸರಾಯಿ ಬಿಡ್ಲಿ ಅಂತ ಹೇಳಿದ್ದು, ಮಾರಾಯ್ತಿ!”

“ಅದು ಅವ್ರ ಕೈಲಿ ಆಗ್ಲಿಲ್ಲ. ಗುಳಿಗೆ ಬಿಟ್ರು.”

ಸಿಸ್ಟರ್ ಪೊಟ್ಟಣ ಕೆಳಗಿಟ್ಟರು. “ಕುಡಿದ್ರೂ ಗುಳಿಗೆ ತಪ್ಪಿಸಬೇಡ ಅನ್ಬೇಕಿತ್ತು ನಾನು.”

“ಅಂದಿದ್ರೆ ತಿಂತಿದ್ರು. ನಿಮ್ಮ ಮಾತು ಒಂದಿನಾನೂ ಮೀರಿದವ್ರಲ್ಲ.”

ಗಂಗಿ ಖಾಲಿ ಚೀಲ ಮಡಚಿಕೊಂಡು, ಕತಗಾಲದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

“ಮುಂದೆ ಬಾ ಹಮ್ಮ,” ಎಂದರು ಸಿಸ್ಟರ್.

ನಿನ್ನೆ ಅವನೂ ಕುಡಿದಿದ್ದ. ನಿನ್ನೆಯ ಗುಳಿಗೆ ಕಿಸೆಯಲ್ಲೇ ಇತ್ತು.