ಲೈನಿನಲ್ಲಿದ್ದ ಭುಜಂಗ

ಇದು ನಮ್ಮ ಪುಷ್ಪಾವತಿ ಅತ್ತೆಯ ಮಗಳು ಅಕ್ಷಿತಾಳಿಗೆ ಆದದ್ದು. ಕಾಪುವಿನಲ್ಲಿ. ಹೋದ ವರ್ಷ, ನವೆಂಬರಿನಲ್ಲಿ.

ಕಡಲ ಬದಿಯಲ್ಲಿ ಮೀನುಗಾರರ ಸಂಘದ ವಯರ್‌ಲೆಸ್ ಕೋಣೆ ಉಂಟು. ಬೋಟುಗಳ ಮಾತು ದಡಕ್ಕೆ ಬರುವುದು ಅಲ್ಲಿನ ಸರ್ವರ್ ಮೂಲಕ. ಅದನ್ನು ನೋಡಿಕೊಳ್ಳುವವಳು ಅಕ್ಷಿತಾ. ಆ ರಾತ್ರಿ ಸಾಫ್ಟ್‌ವೇರ್ ಅಪ್‌ಗ್ರೇಡ್ ಇತ್ತು. ಮನೆಯಿಂದಲೇ ಮಾಡಬಹುದಿತ್ತು... ಆದರೆ ಏನಾದರೂ ಕೆಟ್ಟರೆ ಯಂತ್ರದ ಎದುರಿಗೇ ಇರಬೇಕು ಎನ್ನುವವಳು ಅವಳು. ರಾತ್ರಿ ಒಂದು ಗಂಟೆಗೆ ನಡೆದೇ ಹೊರಟಳು. ದಾರಿಯ ಪಾಳುಬಾವಿ ದಾಟುವಾಗ ಹಿಂದಿನಿಂದ ಟಣ್... ಕೊಡಪಾನ ಕಲ್ಲಿಗೆ ತಾಗಿದ ಹಾಗೆ. ತಿರುಗಿ ನೋಡಲಿಲ್ಲ.

ಅಪ್‌ಗ್ರೇಡ್ ಮುಗಿಯಿತು. ಹೊಸ ಫೈಲು ಬಂದರೂ ಓಡುತ್ತಿದ್ದ ಸರ್ವಿಸ್‌ಗಳು ಹಳೆಯದರಲ್ಲೇ ಇದ್ದವು. ಒಂದೊಂದನ್ನೇ ರೀಸ್ಟಾರ್ಟ್ ಮಾಡಿ, ಸರಿಯಾಗಿ ಎದ್ದಿತಾ ಎಂದು ನೋಡಿದಳು. ಕೊನೆಗೆ ಉಳಿದದ್ದು ವಯರ್‌ಲೆಸ್ ಒಂದೇ. ಈಗ ಲೈನಿನಲ್ಲಿ ಮಾತಾಡುತ್ತಿರುವ ಬೋಟು ಎಷ್ಟು? ಸೊನ್ನೆ. ಬೆರಳು ಎಂಟರ್ ಮೇಲಿಟ್ಟಳು.

ಸ್ಪೀಕರಿನಲ್ಲಿ ಸ್ಸ್ಸ್... ಕ್ಟಕ್.

"ಈಗ ಬೇಡ ಮಗಾ."

ಮುದುಕರೊಬ್ಬರ ಸ್ವರ.

"ಯಾರು?"

"ಭುಜಂಗ."

"ಯಾವ ಬೋಟು?"

"...ಸ್ವಲ್ಪ ತಡಿ. ಒಬ್ಬ ಬರ್ಲಿಕ್ಕುಂಟು."

ಪರದೆಯಲ್ಲಿ ಇನ್ನೂ ಸೊನ್ನೆಯೇ. ಒತ್ತಿಬಿಟ್ಟು ಮನೆಗೆ ಓಡಬೇಕು ಅನ್ನಿಸಿತು. ಆದರೆ ಮಾತಾಡುತ್ತಿರುವವರ ಲೈನು ಕಡಿಯುವುದು ಹೇಗೆ? ಬೆರಳು ತೆಗೆದಳು.

"ಸರಿ ಅಜ್ಜ... ಇದ್ದೀರಾ?" ಪಿಸುಗುಟ್ಟಿದಳು.

"ಇದ್ದೇನೆ."

ಹನ್ನೆರಡು ನಿಮಿಷ. ನಡುನಡುವೆ ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ಸೊನ್ನೆ ಇದ್ದಲ್ಲಿ ಒಂದು ಬಂತು.

"ನೀರು ನುಗ್ಗಿದೆ! ಏಳು ಜನ ಇದ್ದೇವೆ!" ವಿಶಾಲ್ ಎಂಬವನ ಬೋಟು. ಎಲ್ಲಿದ್ದಾರೆಂದು ಎರಡು ಸಲ ಕೇಳಿ ಬರೆದುಕೊಂಡಳು. ಕರಾವಳಿ ಕಾವಲಿನವರಿಗೆ ಫೋನ್ ಮಾಡಿದಳು, ಹತ್ತಿರದ ಬೋಟಿನವರನ್ನೂ ವಯರ್‌ಲೆಸ್‌ನಲ್ಲಿ ಕೂಗಿ ಎಬ್ಬಿಸಿದಳು. ಮೂರೂವರೆಗೆ ಸುದ್ದಿ ಬಂತು... ಏಳೂ ಜನ ಜೀವಂತ ಸಿಕ್ಕಿದರು.

"ಅಜ್ಜ?" ಎಂದಳು. ಬರೀ ಸ್ಸ್ಸ್...

ಆಗ ರೀಸ್ಟಾರ್ಟ್ ಒತ್ತಿದಳು. ಸರ್ವಿಸ್ ಏಳಲೇ ಇಲ್ಲ! ಹಳೆಯ ಸೆಟ್ಟಿಂಗು ಹೊಸದಕ್ಕೆ ಹೊಂದುತ್ತಿರಲಿಲ್ಲ. ಸರಿಮಾಡಲು ನಲವತ್ತು ನಿಮಿಷ ಹಿಡಿಯಿತು. ಮೊದಲೇ ಒತ್ತಿದ್ದರೆ ವಿಶಾಲನ ಕೂಗು ಯಾರಿಗೂ ಕೇಳುತ್ತಿರಲಿಲ್ಲ.

ಬೆಳಿಗ್ಗೆ ಸಂಘದ ಗುಣಪಾಲಣ್ಣ ಬೋಟುಗಳ ಪಟ್ಟಿ ಪೂರಾ ಹುಡುಕಿದರು. "ಭುಜಂಗ ಅಂತ ಯಾರೂ ಇಲ್ಲ ಮಾರಾಯ್ತಿ. ಹಿಂದೆಯೂ ಇರ್ಲಿಲ್ಲ."

ಮಾತೆಲ್ಲ ಅಲ್ಲಿ ರೆಕಾರ್ಡ್ ಆಗುತ್ತದೆ. ಹಾಕಿ ಕೇಳಿದರು. ಅಕ್ಷಿತಾಳ ಪ್ರಶ್ನೆ ಎಲ್ಲ ಸ್ಪಷ್ಟವಾಗಿ ಉಂಟು. ಉತ್ತರ ಇರಬೇಕಾದಲ್ಲಿ ಮನುಷ್ಯರ ಸ್ವರವೇ ಇಲ್ಲ.

ನಂಬುವುದಾದರೆ ನಂಬಿ. ನಾನೇ ಎರಡು ಸಲ ಕೇಳಿದ್ದೇನೆ. ಅಲ್ಲಿ ಕೇಳುವುದು ಇಂಜಿನಿನ ಸದ್ದಲ್ಲ... ಚಪ್... ಚಪ್... ಯಾರೋ ದೋಣಿಗೆ ಹುಟ್ಟು ಹಾಕುತ್ತಾ ಇದ್ದಾರೆ.