ಬುಟ್ಟಿಯಲ್ಲಿ ಹೊತ್ತ ಹೊಲ

ಕಥೆ ಅಂದಮೇಲೆ ಒಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಐರ್ಲೆಂಡ್ ದೇಶದ ಪಡುವಣ ಕಡಲಲ್ಲಿ ಒಂದು ಪುಟ್ಟ ದ್ವೀಪ, ಅದೆಲ್ಲ ಇವನದೇ. ಚರ್ಚಿನ ಜಾಗ ಒಂದು ಬಿಟ್ಟು. ಅದು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಆದರೆ ದೇವಜನರೇ, ನಾನು ಹೇಳೋದು ಅವನ ಕಥೆ ಅಲ್ಲ. ಅವನ ಒಕ್ಕಲಾಗಿದ್ದ ಸೋರಖ ಅನ್ನೋ ವಿಧವೆಯ ಕಥೆ. ಆ ದ್ವೀಪ ಎಂಥದು ಗೊತ್ತಾ? ಬರೀ ಬಂಡೆ. ಮಣ್ಣೇ ಇಲ್ಲದ ಕಡೆ ಜನ ಏನು ತಿಂತಾರೆ? ನೋಡಿ, ಅವರು ಮಣ್ಣನ್ನೇ ಮಾಡ್ತಾರೆ. ಕಡಲ ಪಾಚಿ, ದಡದ ಮರಳು, ಎಲ್ಲಾ ಬೆನ್ನ ಮೇಲಿನ ಬುಟ್ಟಿಯಲ್ಲಿ ತಂದು ಬಂಡೆ ಮೇಲೆ ಹಾಸ್ತಾರೆ, ಕೊಳೆಸ್ತಾರೆ, ಮತ್ತೆ ಹಾಸ್ತಾರೆ. ಸೋರಖಳ ಗಂಡ ಹಾಗೇ ಹೊತ್ತ. ಅವನು ಮೀನಿಗೆ ಹೋಗಿ ಕಡಲಲ್ಲೇ ಉಳಿದ ಮೇಲೆ ಇವಳು ಹೊತ್ತಳು. ಬೆನ್ನು ಬಾಗಿತು, ಆಲೂಗಡ್ಡೆ ಬೆಳೀತು, ಮಕ್ಕಳು ಉಂಡರು.

ಒಂದು ದಿನ ಶ್ರೀಮಂತ ದೋಣಿಯಿಂದ ಇಳಿದ. ಹಸಿರು ಕಂಡ. "ನನ್ನ ಕುರಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಈ ಸಲದ ಫಸಲು ಕಿತ್ತುಕೊಂಡು ಜಾಗ ಖಾಲಿ ಮಾಡಮ್ಮ," ಅಂದ.

ಸೋರಖ ಏನು ಮಾಡಿದಳು? ಅತ್ತಳಾ? ಒಳಗೆ ಹೋಗಿ ಅತ್ತಳು. ಕಾಲು ಹಿಡಿದಳಾ? ಇಲ್ಲ. ಹೊರಗೆ ಬಂದು ಕೇಳಿದಳು. "ಧಣಿ, ನಿಮ್ಮಪ್ಪ ನಮ್ಮ ಮಾವನಿಗೆ ಕೊಟ್ಟಾಗ ಇಲ್ಲಿ ಏನಿತ್ತು?"

"ಬಂಡೆ ಇತ್ತು."

"ಕೊಟ್ಟ ಹಾಗೇ ವಾಪಸ್ ಕೊಡ್ತೀನಿ."

ಅವನು ನಗ್ತಾ ದೋಣಿ ಹತ್ತಿದ. ಪಾಪ, ಮಣ್ಣು ಬಂಡೆಯಲ್ಲೇ ಹುಟ್ಟಿದ್ದು ಅಂದುಕೊಂಡಿದ್ದ.

ಆಲೂಗಡ್ಡೆ ಕಿತ್ತಾದ ಮೇಲೆ ಸೋರಖ ಸಲಿಕೆ ಹಿಡಿದಳು. ಆ ಹೊಲದ ಮಣ್ಣನ್ನೇ ಬುಟ್ಟಿಗೆ ತುಂಬಿ ಚರ್ಚಿನ ಹಿಂದಿನ ಬೋಳು ಬಂಡೆಗೆ ಹೊತ್ತಳು. ಪಾದ್ರಿ ಬೇಡ ಅನ್ನಲಿಲ್ಲ. ಒಬ್ಬಳ ಕೈಲಿ ಮುಗಿಯೋ ಕೆಲಸವಾ ಅದು? ಸಂಜೆ ಹೊತ್ತಿಗೆ ಹೊಲದ ಒಂದು ಮೂಲೆಯೂ ಖಾಲಿ ಆಗಿರಲಿಲ್ಲ. ಆಗ ಸಲಿಕೆ ಹಿಡಿದು ಬಂದ ಪಕ್ಕದ ಹೊಲದ ಕೋಲಮ್. ಗೋಡೆ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವನು.

"ನಿನಗ್ಯಾಕಪ್ಪ ಇದು? ಧಣಿ ನಿನ್ನನ್ನೂ ಓಡಿಸ್ತಾನೆ," ಅಂದಳು.

"ಓಡಿಸಲಿ. ನನ್ನ ಹತ್ರಾನೂ ಬುಟ್ಟಿ ಇದೆ."

ಮಾರನೇ ದಿನ ಇಡೀ ಊರು ಬಂತು. ಧಣಿ ಕುರಿ ಇಳಿಸೋ ಹೊತ್ತಿಗೆ ಬಂಡೆಯನ್ನ ಗುಡಿಸಿ ತೊಳೆದೂ ಇಟ್ಟಿದ್ದರು.

"ನನ್ನ ಹೊಲ ಎಲ್ಲಿ?"

"ಅದರ ಮೇಲೇ ನಿಂತಿದ್ದೀರಲ್ಲ ಧಣಿ," ಅಂದಳು ಸೋರಖ.

ಅವನು ಸುತ್ತ ನೋಡಿದ. ಪ್ರತಿ ಹೊಲದ ಮುಂದೂ ಒಬ್ಬೊಬ್ಬರು ಬುಟ್ಟಿ ಹಿಡಿದು ನಿಂತಿದ್ದರು. ಕುರಿಗಳನ್ನ ಮತ್ತೆ ದೋಣಿಗೆ ಹತ್ತಿಸಿಕೊಂಡು ಹೊರಟುಹೋದ.

ನಗ್ತೀರಿ. ನಗಿ, ಪರವಾಗಿಲ್ಲ. ಈಗ ನಮ್ಮ ಬೀದಿಗೆ ಬರೋಣ. ನಮ್ಮ ಎಸ್ತೇರಮ್ಮ ಮಾರ್ಕೆಟ್ ಮೂಲೆಯಲ್ಲಿ ಸೊಪ್ಪು ಮಾರೋ ಜಾಗ ಯಾರೋ ದೊಡ್ಡವರಿಗೆ ಬೇಕಂತೆ, ನಾಳೆ ಎತ್ತಿಸ್ತಾರಂತೆ. ನಿಮಗೆಲ್ಲ ಗೊತ್ತು. ಗೊತ್ತಿದ್ದೂ ಏನಂದಿರಿ? "ಪ್ರಾರ್ಥನೆ ಮಾಡ್ತೀವಿ ಎಸ್ತೇರಮ್ಮ." ಮಾಡಿ, ನಾನು ಬೇಡ ಅನ್ನಲ್ಲ. ಆದರೆ ಬಾಗಿಲು ಹಾಕಿಕೊಂಡು ಮಾಡಬೇಡಿ. ನೆರೆಯವರನ್ನ ದಬ್ಬುವಾಗ ಸುಮ್ಮನಿರೋದನ್ನ ತಾಳ್ಮೆ ಅಂತ ಕರೀಬೇಡಿ, ಅದು ಹೇಡಿತನ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ನಾನು ಆ ಮೂಲೆಯಲ್ಲಿ ಕೂತಿರ್ತೀನಿ. ಬನ್ನಿ. ಮಾತು ಬಿಟ್ಟವರ ಮನೆ ಬಾಗಿಲನ್ನೂ ತಟ್ಟಿ, ಅವರನ್ನೂ ಕರ್ಕೊಂಡು ಬನ್ನಿ. ಬರೋವಾಗ ಒಂದೊಂದು ಬುಟ್ಟಿ ತನ್ನಿ.