ಫೈನಲ್‌ಗೆ ಮುಂಚೆ ಒಂದು ಸಹಿ

ನಗಬೇಡ ಮಾಮ, ಸುಳ್ಳಲ್ಲ. ನೂರೆಂಬತ್ತು ಕಿಲೋ ನೆಲದಿಂದ ಎತ್ತೋ ಆಸಾಮಿ. ಕುತ್ತಿಗೆ ಅನ್ನೋದೇ ಇಲ್ಲ, ಯಾರೋ ತಲೆ ತಂದು ಭುಜದ ಮೇಲಿಟ್ಟು ಮರೆತುಹೋದ ಹಾಗಿದ್ದಾನೆ. ಅಂಥವನು ನನ್ನ ಜೊತೆ ರಿಂಗಿಗೆ ಇಳಿದು, ಎರಡನೇ ರೌಂಡು ಮುಗಿಯೋ ಮುಂಚೆ ಹಗ್ಗ ಹಿಡ್ಕೊಂಡು ನಿಂತ. ಶೂ ಲೇಸ್ ಬಿಚ್ಚಿದೆ, ಸ್ವಲ್ಪ ತಡಿ ಅಂದ. ಲೇಸ್ ಸರಿಯಾಗೇ ಇತ್ತು. ಬಿಚ್ಚಿಹೋಗಿದ್ದು ಅವನ ಉಸಿರು.

ಕಟ್ಟು, ನೀನು ಕಟ್ಟೋದು ನಿಲ್ಲಿಸಬೇಡ. ಹೆಬ್ಬೆರಳ ಬುಡಕ್ಕೆ ಇನ್ನೊಂದು ಸುತ್ತು ಬರಲಿ… ಹಾಂ, ಹಾಗೆ. ಇಲ್ಲಿಯವರಿಗೆ ಕೈಗೆ ಪಟ್ಟಿ ಕಟ್ಟೋಕೂ ಬರಲ್ಲ ಮಾಮ, ಮುರಿದ ಕೊಡೆಗೆ ದಾರ ಸುತ್ತಿದ ಹಾಗೆ ಸುತ್ತಿ ಕಳಿಸ್ತಾರೆ. ಅದಕ್ಕೇ ನಿನ್ನನ್ನು ಊರಿಂದ ಬೆಳಗಿನ ಬಸ್ಸಿಗೆ ಬಾ ಅಂದಿದ್ದು. ಅದಕ್ಕೆ, ಮತ್ತೆ ಆ ಫಾರಂಗೆ. ಹನ್ನೊಂದಕ್ಕೆ ನನ್ನ ಫೈನಲ್. ಅಷ್ಟರೊಳಗೆ ನೀನೊಂದು ಸಹಿ ಗೀಚಿದರೆ ಆಯ್ತು. ಓದೋದೇನಿದೆ ಅದರಲ್ಲಿ? ಪ್ರತಿಯೊಬ್ಬ ಬಾಕ್ಸರ್‌ನ ಗುರುವೂ ಹಾಕೋ ಸಹಿ. 'ಈ ಸ್ಪರ್ಧಿಗೆ ಯಾವ ಗಾಯವೂ ಇಲ್ಲ, ನಾನು ಬಲ್ಲೆ.' ಅಷ್ಟೇ. ನನಗೆ ಮೊದಲ ಸಲ ಗ್ಲೌಸ್ ತೊಡಿಸಿದವನು ನೀನು, ಅಮ್ಮನ ಒಡಹುಟ್ಟಿದ ತಮ್ಮ. ನಿನಗಿಂತ ಯಾರು ಬಲ್ಲರು?

ಸರಿ, ಆಮೇಲೆ ಹಾಕು. ಕೈಯಲ್ಲಿ ಪಟ್ಟಿ ಇದೆ, ಗೊತ್ತಾಯ್ತು.

ಇಲ್ಲಿಯ ಜಿಮ್ ನೀನು ನೋಡಬೇಕಿತ್ತು. ವರ್ಷ ಆಯ್ತು ನಾನು ಈ ಸ್ಪೋರ್ಟ್ಸ್ ಹಾಸ್ಟೆಲ್ ಸೇರಿ, ಇನ್ನೂ ನಗು ಮುಗಿದಿಲ್ಲ. ಒಂದು ಸಲ ಎತ್ತೋದು, ಎರಡು ಸಲ ಕನ್ನಡಿ ನೋಡೋದು, ಮೂರು ಸಲ ನೀರು ಕುಡಿಯೋದು. ಬೆವರು ಬರೋ ಮುಂಚೆ ಟವೆಲ್ ಬರುತ್ತೆ. ಕೈಗೊಂದು ಗಡಿಯಾರ, ಹೃದಯ ಎಷ್ಟು ಸಲ ಬಡೀತು ಅಂತ ಅದು ಹೇಳಬೇಕಂತೆ. ಅಲ್ಲ ಮಾಮ, ನಿನ್ನ ಎದೆ ಬಡ್ಕೊಳ್ಳೋದು ನಿನಗೇ ಕೇಳಿಸದಿದ್ದರೆ ಗಡಿಯಾರ ಏನು ಮಾಡುತ್ತೆ? ಗಂಟೆ ಹೊಡೆಯುತ್ತಾ? ಇನ್ನು ಅವರ ಗುಲಾಬಿ ಪುಡಿ. ಡಬ್ಬಿ ಮೇಲೆ ಹುಲಿ ಚಿತ್ರ, ಕುಡಿದವನು ಸಂಜೆ ತನಕ ಬಾತ್‌ರೂಮಲ್ಲಿ.

ಅಲ್ಲಿಯ ತರಬೇತುದಾರನ ಹೆಸರು ಸೀಟಿ ಸಾರ್. ಹೆಸರು ಏನೋ ಬೇರೆ ಇದೆ, ಬಾಯಲ್ಲಿ ಯಾವಾಗಲೂ ಸೀಟಿ, ಅದಕ್ಕೇ ನಾನಿಟ್ಟ ಹೆಸರು. ಓಡು ಅಂದ್ರೂ ಸೀಟಿ, ಉಣ್ಣು ಅಂದ್ರೂ ಸೀಟಿ. ನಾನು ಬಂದ ಮೊದಲ ದಿನ, ಊರಲ್ಲಿ ಏನು ಕಸರತ್ತು ಮಾಡ್ತಿದ್ದೆ ಅಂತ ಕೇಳಿದ. ಕ್ವಾರಿಯಲ್ಲಿ ಮಾಮನ ಜೊತೆ ಕಲ್ಲು ಒಡೀತಿದ್ದೆ ಅಂದೆ. ಹುಡುಗರೆಲ್ಲ ಕಿಸಿಕಿಸಿ ನಕ್ಕರು. ವಾರ ಕಳೀಲಿ ಅಂದ್ಕೊಂಡೆ. ವಾರ ಕಳೀತು. ನಕ್ಕವರಲ್ಲಿ ಇಬ್ಬರ ಮೂಗಿಗೆ ಪಟ್ಟಿ, ಒಬ್ಬ ಟೇಬಲ್ ಟೆನ್ನಿಸ್ ಸೇರಿದ.

ಬಲ ಅಂದ್ರೆ ತೋಳಲ್ಲಿಲ್ಲ. ಹಿಮ್ಮಡಿಯಲ್ಲಿದೆ. ಹಿಮ್ಮಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಮುಷ್ಟಿಗೆ ಬರಬೇಕು. ಬೆಳಗ್ಗೆ ಬಾಯಿ ಮುಚ್ಕೊಂಡು ಓಡಬೇಕು, ಮೂಗಲ್ಲೇ ಉಸಿರು. ಬಾಯಿ ತೆರೆಯೋ ಹಾಗಾದ್ರೆ ಅಲ್ಲಿಗೆ ನಿಲ್ಲಿಸಿ ನಡೀಬೇಕು. ದೊಡ್ಡ ಸುತ್ತಿಗೇಲಿ ಟೈರಿಗೆ ಬಲಕ್ಕೆ ಮುನ್ನೂರು, ಎಡಕ್ಕೆ ಮುನ್ನೂರು. ಆಟದ ಹಿಂದಿನ ವಾರ ಭಾರ ಮುಟ್ಟಬಾರದು, ನಿದ್ದೆ ಮಾಡಬೇಕು. ಇಷ್ಟೇ. ಇದನ್ನ ಹೇಳೋಕೆ ಇವರಿಗೆ ಚಾರ್ಟು, ಬಣ್ಣದ ಪೆನ್ನು, ಸೀಟಿ… ಏನಂದೆ? ಹೌದಪ್ಪ, ನೀನೇ ಹೇಳಿಕೊಟ್ಟಿದ್ದು. ಮಾಡಿ ತೋರಿಸಿದ್ದು ನಾನು ತಾನೆ?

ಇವತ್ತಿನ ನನ್ನ ಎದುರಾಳಿ ಇದ್ದಾನಲ್ಲ, ಕನ್ನಡಿ. ಅದೂ ನಾನಿಟ್ಟ ಹೆಸರೇ. ದಿನಕ್ಕೆರಡು ಗಂಟೆ ಕನ್ನಡಿ ಮುಂದೆ ಗಾಳಿ ಗುದ್ದುತ್ತಾನೆ. ಗಾಳಿ ಗುದ್ದಿ ಮೈ ನೋಯಿಸ್ಕೊಂಡೋರ ಗಾದೆ ಇದೆಯಲ್ಲ, ಇವನನ್ನ ನೋಡಿಯೇ ಕಟ್ಟಿರಬೇಕು. ತೂಕ ಇಳಿಸೋಕೆ ಮೂರು ದಿನ ನೀರು ಬಿಟ್ಟು, ಪ್ಲಾಸ್ಟಿಕ್ ಕೋಟು ಹಾಕ್ಕೊಂಡು ಬಿಸಿಲಲ್ಲಿ ಕೂತಿದ್ದ. ನಿನ್ನೆ ತಕ್ಕಡಿ ಹತ್ತುವಾಗ ತುಟಿ ಬಿರಿದು, ಒಣಗಿದ ಕೆರೆ ತಳದ ಹಾಗಿತ್ತು. ನಾನು ನೋಡು, ಉಂಡು ತಿಂದೇ ತೂಕಕ್ಕೆ ಬಂದೆ. ಮೂರು ತಿಂಗಳ ಮುಂಚೆಯಿಂದ ತಟ್ಟೇಲಿ ಒಂದೊಂದು ತುತ್ತು ಕಮ್ಮಿ. ಬುದ್ಧಿ ಇರೋನ ದಾರಿ ಅದು.

ಗೆದ್ದವನು ಹಾಸ್ಟೆಲ್‌ನ ಮೊದಲ ತಂಡಕ್ಕೆ. ಸೋತವನು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಕನ್ನಡಿಗೆ ಇನ್ನೂ ಹತ್ತೊಂಬತ್ತು, ಮುಂದಿನ ವರ್ಷ ಬರಬಹುದು. ನನಗೆ ಮುಂದಿನ ವರ್ಷ ಅಂತ ಇಲ್ಲ ಮಾಮ, ವಯಸ್ಸು ದಾಟುತ್ತೆ. ಕ್ವಾರಿಗೆ ವಾಪಸ್ ಬಂದು ನಿನ್ನ ಜೊತೆ ಧೂಳು ನುಂಗಬೇಕು. ಕೋಪ ಮಾಡ್ಕೋಬೇಡ. ನಿನ್ನ ಕೆಮ್ಮು ಕೇಳಿಯೇ ಹೇಳ್ತಿದ್ದೀನಿ.

ನೀರು ಕೊಡು ಒಂಚೂರು… ಬೇಡ, ನಾನೇ ತಗೋತೀನಿ.

ಛೆ. ಯಾರು ಲೋಟನ ಮೇಜಿನ ತುದೀಲಿ ಇಡ್ತಾರೆ? ಪಟ್ಟಿ ಕಟ್ಟಿದ ಕೈ, ತಾಗಿಬಿಡ್ತು. ಮಧ್ಯದಲ್ಲೇ ಇತ್ತಾ? ಇರಲಿ ಬಿಡು, ನೀರು ತಾನೆ. ಫಾರಂ ನೆನೀತಾ? ಇಲ್ವಲ್ಲ, ಸದ್ಯ.

ಏನು, ಅಮ್ಮ ಫೋನ್ ಮಾಡಿದ್ಲಾ? ಗೊತ್ತಿತ್ತು. ಹೋದ ತಿಂಗಳು ಊರಿಗೆ ಬಂದಾಗ ಹೊಸಿಲು ಎಡವಿದೆ, ಬಾಗಿಲ ಚೌಕಟ್ಟಿಗೆ ಭುಜ ಹೊಡೆಸ್ಕೊಂಡೆ, ಅದನ್ನೇ ಊರೆಲ್ಲ ಸಾರಿದ್ದಾಳೆ. ಆ ಮನೆ ಬಾಗಿಲು ಇರೋದೇ ಅಷ್ಟಗಲ, ಆಡು ನುಗ್ಗೋಕೂ ಒಪ್ಪಿಗೆ ಕೇಳಬೇಕು. ನನ್ನ ಭುಜ ಈಗ ಮೊದಲಿನ ಹಾಗಿಲ್ಲ, ಬೆಳೆದಿದೆ. ಅಮ್ಮಂಗೆ ಮಗ ಬೆಳೆದಿದ್ದು ಕಾಣಲ್ಲ, ಎಡವಿದ್ದು ಕಾಣುತ್ತೆ.

ಸುತ್ತಿಗೆ ವಿಷಯನೂ ಗೊತ್ತಾ ನಿನಗೆ? ಯಾರು, ಸೀಟಿ ಸಾರ್ ಹೇಳಿದನಾ? ಹೌದು, ಟೈರಿಗೆ ಹೊಡೆಯೋದು ತಪ್ಪಿ ನೆಲಕ್ಕೆ ಬಿತ್ತು. ಎರಡು ಸಲ. ನೆಲ ಏರುತಗ್ಗು ಅಲ್ಲಿ. ಕುಣಿಯಲಾರದವಳು ಅಂತ ಗಾದೆ ಹೇಳೋಕೆ ಬರಬೇಡ, ನೆಲ ನಿಜವಾಗಿಯೂ ಡೊಂಕಿದೆ.

ಬಲಗೈ ಮುಂದೆ ಮಾಡಿ ನಿಲ್ತಿದ್ದೀನಿ, ಹೌದು. ನಿನ್ನೆಯ ಆಟ ಫೋನಲ್ಲಿ ನೋಡಿದೆಯಾ? ಹನ್ನೆರಡು ವರ್ಷ ಎಡಗೈ ಮುಂದಿಟ್ಟು ಆಡಿದೆ, ಎಲ್ಲರಿಗೂ ನನ್ನ ಆಟ ಬಾಯಿಪಾಠ ಆಗಿಹೋಗಿತ್ತು. ಬದಲಾಯಿಸಿದೆ. ಎದುರಾಳಿ ತಲೆ ಕೆಡಬೇಕು. ನಿನ್ನ ಕಾಲದ ಬಾಕ್ಸಿಂಗ್ ಅಲ್ಲ ಇದು ಮಾಮ, ಕಲ್ಲು ನಿಂತಲ್ಲೇ ನಿಂತಿರುತ್ತೆ, ಹುಡುಗರು ನಿಲ್ಲಲ್ಲ. ಎಡಕೆನ್ನೆಗೆ ಐದಾರು ಬಿದ್ದವು, ಯಾರು ಇಲ್ಲ ಅಂದ್ರು? ಬೇಕು ಅಂತಲೇ ತಿಂದೆ. ಅವನಿಗೆ ಆಸೆ ಹುಟ್ಟಬೇಕು, ಹತ್ತಿರ ಬರಬೇಕು. ಬಂದ, ಮಲಗಿದ. ಮಲಗಿದ್ದು ನೋಡಲಿಲ್ವಾ? ನಿನಗೂ ನಿನ್ನ ಅಕ್ಕನ ಹಾಗೇ, ಬಿದ್ದಿದ್ದು ಮಾತ್ರ ಕಾಣುತ್ತೆ.

ಡಾಕ್ಟರ್ ಪರೀಕ್ಷೆ ಆಗಿದೆ. ನಿನ್ನೇನೇ. ಎರಡು ನಿಮಿಷ. ಅವರೇ ಸರಿ ಅಂದ ಮೇಲೆ ನೀನು ಯಾಕೆ ಪೆನ್ನು ಹಿಡ್ಕೊಂಡು ಧ್ಯಾನ ಮಾಡ್ತೀಯ?

ಆ ಬಾಗಿಲು ಹಾಕು ಮಾಮ, ಆಚೆ ಮೈಕ್‌ನವನು ಕಿವಿ ಹರೀತಿದ್ದಾನೆ. ನಾನು ಕುತ್ತಿಗೆ ಸಡಿಲ ಮಾಡ್ಕೋತೀನಿ.

ಹಾಂ, ಈಗ ವಾಸಿ. ಕನ್ನಡಿಯ ಗುರು ಸಹಿ ಹಾಕಿ ಆಗಲೇ ಅರ್ಧ ಗಂಟೆ ಆಯ್ತು, ಗೊತ್ತಾ? ಅವನಿಗೆ ತನ್ನ ಹುಡುಗನ ಮೇಲೆ ನಂಬಿಕೆ. ನನ್ನ ಗುರು ಅಕ್ಷರ ಎಣಿಸ್ತಿದ್ದಾನೆ… ಮಾಮ?

ಮಾಮ, ನಿನ್ನನ್ನೇ ಕೇಳ್ತಿರೋದು.

ಹೋದನಾ… ಬಾಗಿಲು ಹಾಕು ಅಂದ್ರೆ ಆಚೆಯಿಂದ ಹಾಕ್ಕೊಂಡು ಹೋಗೋದಾ? ಮುದುಕ. ಹೇಳಲ್ಲ ಕೇಳಲ್ಲ. ಪುಕ್ಕಲ. ಹೋಗ್ಲಿ, ಅವನ ಸಹಿ ಏನು ಬ್ರಹ್ಮವಿದ್ಯೆನಾ, ಎರಡು ಗೀಟು, ಕೊನೆಗೊಂದು ಬಾಲ. ಕೋಳಿ ಕೆದರಿದ ಹಾಗೆ. ನಾನೇ ಹಾಕ್ತೀನಿ. ಮೂರು ರೌಂಡು, ಒಂಬತ್ತು ನಿಮಿಷ. ಒಂಬತ್ತು ನಿಮಿಷಕ್ಕೆ ಒಂದು ಕಣ್ಣು ಧಾರಾಳ ಸಾಕು. ಎಲ್ಲಿ ಫಾರಂ… ಈ ಎಡಗಡೆ ಇಟ್ಟಿದ್ದ…

ಯಾರದು?

ಮಾಮ.

ನೀನು ಇಲ್ಲೇ… ನನ್ನ ಎಡಕೆನ್ನೆ ಪಕ್ಕ ಯಾಕೆ ಕೈ ಹಿಡ್ಕೊಂಡಿದ್ದೀಯ? ಎಷ್ಟು ಹೊತ್ತಿಂದ?

ಕಾಣ್ತಿತ್ತು. ಕಾಣ್ತಿದ್ದರೂ ಸುಮ್ಮನಿದ್ದೆ, ನೀನು ಎಲ್ಲಿ ತನಕ ಆಟ ಆಡ್ತೀಯ ನೋಡೋಣ ಅಂತ. ಆ ಬೈಗುಳ ತಮಾಷೆಗೆ. ನೀನಿರೋದು ಗೊತ್ತಿದ್ದೇ ಬೈದೆ…

ಹಾಗೆ ನೋಡಬೇಡ ಮಾಮ. ಹೊಡೆಯೋದಾದ್ರೆ ಹೊಡಿ. ಕೈ ಇಳಿಸು, ಇಲ್ಲಾಂದ್ರೆ ಹೊಡಿ.

ಆರು ವಾರ ಆಯ್ತು. ಸರಿನಾ? ಅಭ್ಯಾಸ ಮಾಡುವಾಗ ಬಿದ್ದ ಒಂದು ಏಟು, ಅದೂ ಆ ಲೇಸ್‌ನವನದ್ದೇ, ಹಗ್ಗ ಹಿಡ್ಕೊಳ್ಳೋ ಮುಂಚೆ ಒಂದು ಸರಿಯಾಗೇ ಕೊಟ್ಟಿದ್ದ. ಮೊದಲು ಎಡಗಣ್ಣಿನ ಮೂಲೆಯಲ್ಲಿ ಕಪ್ಪು ಪರದೆ ಇಳಿದ ಹಾಗಾಯ್ತು. ವಾರದೊಳಗೆ ಪೂರ್ತಿ ಇಳೀತು. ಕಣ್ಣಿನ ಆಸ್ಪತ್ರೆಗೆ ಒಬ್ಬನೇ ಹೋಗಿದ್ದೆ. ಒಳಗಿನ ಪರೆ ಬಿಟ್ಟುಕೊಂಡಿದೆ, ಇವತ್ತೇ ಆಪರೇಷನ್ ಆಗ್ಲಿ, ತಡ ಮಾಡಿದಷ್ಟೂ ಕಷ್ಟ ಅಂದ್ರು. ಫೈನಲ್ ಮುಗಿಸ್ಕೊಂಡು ಬರ್ತೀನಿ ಅಂತ ಎದ್ದು ಬಂದೆ. ನಿನ್ನೆ ಇಲ್ಲಿಯ ಡಾಕ್ಟರ್ ಮುಂದೆ ಬೋರ್ಡಿನ ಅಕ್ಷರ ಒಪ್ಪಿಸಿದೆ, ನನ್ನ ಮುಂದಿನವನು ಓದುವಾಗ ಕೇಳಿಸಿಕೊಂಡಿದ್ದು. ಸಾಕಾ? ಅಮ್ಮಂಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನೀನೇ ಬಿಡದೆ ಕೇಳಿ ಕೇಳಿ ಪ್ರಾಣ ತಿಂದೆ, ಹೇಳಿಬಿಟ್ಟೆ.

…ಏನು?

ಇಲ್ಲ. ಹೌದು. ಕಣ್ಣಿನ ಬಗ್ಗೆ ನೀನು ಒಂದು ಪ್ರಶ್ನೆನೂ ಕೇಳಲಿಲ್ಲ.